ಕೋಳಿಗಾದ್ರೂ ಆಯ್ತದೆ ಬುಡು

ನಮ್ಮ ಮನೇಲಿ ಒಂದು ಮಾತಿತ್ತು. ಸೀದೋದ ಮುದ್ದೆ, ಹಳಸಿದ ಅನ್ನ, ಹುಳ ಬಿದ್ದ ಹಿಟ್ಟು, ಮುಗ್ಗಲು ವಾಸ್ನೆ ಬಂದ ಕಡ್ಲೆಬೀಜ, ಏನೇ ಇರ್ಲಿ, ಕೈಗೆ ಎತ್ಕಂಡೋರು ಒಂದ್ಸಲ ಮೂಸಿ ನೋಡೋರು. ಆಮೇಲೆ "ಕೋಳಿಗಾದ್ರೂ ಆಯ್ತದೆ ಬುಡು" ಅಂದ್ಬುಟ್ಟು ಹಿತ್ಲ ಕಡೆ ಎರಚೋರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿಂದ ಆ ಮಾತ ಕೇಳಿದೀನಿ, ನಾನೂ ಎಷ್ಟೋ ಸಲ ಆಡಿದೀನಿ. ಈಗ ಮೂರು ವರ್ಸದಿಂದ ಆ ಮಾತು ನಮ್ಮನೇಲಿ ಯಾರ ಬಾಯಲ್ಲೂ ಬರಲ್ಲ. ಯಾಕೆ ಅಂತ ಹೇಳ್ತೀನಿ ಕೇಳಿ.

ನಮ್ದು ಮಂಡ್ಯ ಜಿಲ್ಲೆ, ನಾಗಮಂಗಲದ ಕಡೆ ಒಂದು ಸಣ್ಣ ಊರು. ಕಾವೇರಿ ನಾಲೆ ನೀರು ನಮ್ಮ ಹೊಲಕ್ಕೆ ಬರಲ್ಲ. ಮಳೆ ಬಂದ್ರೆ ರಾಗಿ, ಹುರುಳಿ, ಮುಸುಕಿನ ಜೋಳ. ಇಂಥ ಕಡೆ ಹಿತ್ಲಲ್ಲಿ ನಾಟಿ ಕೋಳಿ ಇದ್ರೆ ಹೆಂಗಸ್ರ ಕೈಲಿ ನಾಕು ಕಾಸು ಓಡಾಡ್ತದೆ. ನಮ್ಮನೇಲಿ ಕೋಳಿ ದುಡ್ಡು ಅಂದ್ರೆ ಅತ್ತೆ ದುಡ್ಡು. ಮೊಟ್ಟೆ ಮಾರಿದ್ದು, ಹುಂಜ ಮಾರಿದ್ದು ಎಲ್ಲಾ ಅಡ್ಗೆಮನೆ ಅಟ್ಟದ ಮೇಲಿರೋ ಹಳೆ ಡಬ್ಬಿ ಸೇರೋದು. ಅದ್ರಲ್ಲಿ ಎಷ್ಟೈತೆ ಅಂತ ಮಾವನಿಗೂ ಗೊತ್ತಿರ್ಲಿಲ್ಲ, ನಮ್ಮನೆಯೋರಿಗೂ ಗೊತ್ತಿಲ್ಲ. ಆದ್ರೆ ನನ್ನ ಮಗಳ ಸ್ಕೂಲ್ ಬ್ಯಾಗು, ನಂಗೆ ಜ್ವರ ಬಂದಾಗ ಡ್ರಿಪ್ಸ್ ಹಾಕ್ಸಿದ್ದು, ಎಲ್ಲಾ ಆ ಡಬ್ಬಿಯಿಂದ್ಲೇ ಬಂದದ್ದು.

ಆ ಕೋಳಿ ಕುಲನೂ ಅತ್ತೆದೇ. ಮದ್ವೆಯಾಗಿ ಬರುವಾಗ ತವರಿಂದ ಒಂದು ಚುಕ್ಕಿ ಹ್ಯಾಟೆ ತಂದಿದ್ರಂತೆ. ಕಪ್ಪು ಮೈ ಮೇಲೆ ಬಿಳಿ ಚುಕ್ಕಿ, ಅಕ್ಕಿ ಎರಚಿದ ಹಂಗೆ. ಅದ್ರ ಮರಿ, ಮರಿ ಮರಿ ಅಂತ ನಲ್ವತ್ತು ವರ್ಸ ಹಿತ್ಲಲ್ಲಿ ಆ ಚುಕ್ಕಿ ತಪ್ಪಿರ್ಲಿಲ್ಲ. ನನ್ನ ನಾದಿನಿ ಮದ್ವೆ ಆದಾಗ್ಲೂ ಅತ್ತೆ ಒಂದು ಚುಕ್ಕಿ ಹ್ಯಾಟೆನ ಮಂಕ್ರೀಲಿ ಮುಚ್ಚಿ ಗಂಡನ ಮನೆಗೆ ಕಳ್ಸಿದ್ರು. "ಕಾರಲ್ಲಿ ಗಲೀಜು ಮಾಡ್ತದೆ ಕಣವ್ವ" ಅಂತ ಎಲ್ರೂ ನಗಾಡಿದ್ರು. ಅತ್ತೆ ಕೇಳ್ನಿಲ್ಲ.

2021ರ ನವೆಂಬರ್ ನಮ್ಮ ಕಡೆ ರೈತ್ರು ಮರೆಯೋ ಹಂಗಿಲ್ಲ. ಕುಯ್ಲಿನ ಹೊತ್ತಿಗೆ ಹಿಡಿದ ಮಳೆ ಬುಡ್ನೇ ಇಲ್ಲ. ರಾಗಿ ತೆನೆ ಹೊಲದಲ್ಲೇ ಮಲಗಿ ಮೊಳಕೆ ಬಂತು. ನಮ್ಮ ಜೋಳ ಮುರಿದು ಕಣಕ್ಕೆ ಹಾಕಿದ್ವಿ. ಟಾರ್ಪಾಲು ಹೊದ್ಸೋದು, ವಸಿ ಬಿಸ್ಲು ಬಂದ್ರೆ ತೆಗೆಯೋದು, ಮತ್ತೆ ಮೋಡ ಕವುದ್ರೆ ಓಡೋಗಿ ಹೊದ್ಸೋದು, ಹದಿನೈದು ದಿನ ಇದೇ ಆಯ್ತು. ಟಾರ್ಪಾಲು ಎತ್ತುದ್ರೆ ಒಳಗಿಂದ ಬಿಸಿ ಹಬೆ ಮುಖಕ್ಕೆ ಹೊಡೆಯೋದು. ಕೊನೆಗೆ ಹೆಂಗೋ ಬಿಡ್ಸಿ ವ್ಯಾಪಾರಿಗೆ ತೋರ್ಸುದ್ವಿ. ಅವ್ನು ಒಂದು ಹಿಡಿ ತಕ್ಕಂಡು ನೋಡ್ದ, ಮೂಗಿಗೆ ಹಿಡ್ದ, ಚೆನ್ನಾಗಿರೋದ ತೂಕ ಹಾಕ್ಕಂಡು ಆರು ಚೀಲ ಬುಟ್ಟೋದ. ಆ ಆರು ಚೀಲನ ನಾವು ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕೊಟ್ಗೆ ಮೂಲೇಲಿ ಗೋಡೆಗೆ ಒರಗ್ಸುದ್ವಿ.

ಡಿಸೆಂಬರ್ ಮಧ್ಯದಲ್ಲಿ ನಾನೇ ಮೊದ್ಲ ಚೀಲ ಬಿಚ್ಚಿದ್ದು. ಕಾಳಿನ ಮೇಲೆ ಅಲ್ಲಲ್ಲಿ ಹಸ್ರು ಪುಡಿ ಥರ ಬೂಸ್ಲು. ಅತ್ತೆ ಬಾಗ್ಲಲ್ಲಿ ನಿಂತು, "ಮುಗ್ಗಲು ವಾಸ್ನೆ ಬತ್ತಾ ಅದಲ್ಲವ್ವ" ಅಂದ್ರು. ನಾನು, "ತೊಳ್ದು ಒಣಗ್ಸಿ ನುಚ್ಚು ಮಾಡುಸ್ತೀನಿ ಅತ್ತೆಮ್ಮ. ಕೋಳಿಗಾದ್ರೂ ಆಯ್ತದೆ ಬುಡಿ" ಅಂದೆ. ಆ ವರ್ಸ ಬೆಳೆ ಹೋಗಿತ್ತು, ಒಂದೊಂದು ರೂಪಾಯಿನೂ ಎಣಿಸ್ತಿದ್ದೆ. ಅಂಗ್ಡಿಯಿಂದ ಕೋಳಿ ಕಾಳು ತರೋ ದುಡ್ಡು ಉಳೀತಲ್ಲ ಅಂತ ನಂಗೆ ಒಳಗೊಳಗೇ ಖುಷಿ. ತೊಳ್ದೆ, ಎರಡು ದಿನ ಬಿಸ್ಲಿಗೆ ಹರಡ್ದೆ. ಹಸ್ರು ಪುಡಿ ಹೋಯ್ತು, ಕಾಳು ಹಳದಿಯಾಗಿ ಚೆಂದ ಕಂಡ್ವು. ಮಿಲ್ಲಿಗೆ ಹೊತ್ತು ನುಚ್ಚು ಮಾಡುಸ್ಕಂಡು ಬಂದೆ.

ಆಗ ನಮ್ಮ ಹಿತ್ಲಲ್ಲಿ 26 ಕೋಳಿ ಇದ್ವು. ಎರಡು ಹುಂಜ, ಎಂಟು ಹ್ಯಾಟೆ, ಬೆಳೆಯೋ ಪಿಳ್ಳೆ ಹದಿನಾರು. ಲೆಕ್ಕ ಸರ್ಯಾಗಿ ನೆನಪೈತೆ, ಯಾಕಂದ್ರೆ ನನ್ನ ನಾದಿನಿ ಬಸುರಿ. ಚೊಚ್ಚಲು. ಹೆರಿಗೆಗೆ ನಮ್ಮನೆಗೇ ಬರೋಳು. ಬಾಣಂತಿಗೆ ಮೆಣಸು ಹಾಕಿ ನಾಟಿ ಕೋಳಿ ಸಾರು ಕೊಡ್ಬೇಕಲ್ಲ, ಅದಕ್ಕೇಂತ ಅತ್ತೆ ಆ ಪಿಳ್ಳೆಗಳ್ನ ಒಂದೊಂದಾಗಿ ಎಣಿಸಿ ಗೂಡಿಗೆ ಹಾಕೋರು. "ಇದು ಮೊದಲ್ನೇ ವಾರಕ್ಕೆ, ಇದು ಹೆಸ್ರಿಡೋ ದಿನಕ್ಕೆ" ಅಂತ ಹೆಸ್ರು ಬೇರೆ.

ಜನವರಿ ಮೊದಲ್ನೇ ವಾರ ಮೊಟ್ಟೆ ಕಮ್ಮಿ ಆದ್ವು. ಚಳಿಗೆ ಇರ್ಬೇಕು ಅನ್ಕಂಡ್ವಿ. ಆಮೇಲೆ ಪಿಳ್ಳೆಗಳು ರೆಕ್ಕೆ ಜೋತಾಕ್ಕಂಡು, ಗರಿ ಕೆದರ್ಕಂಡು ಮೂಲೇಲಿ ನಿಲ್ಲೋಕೆ ಶುರು ಮಾಡುದ್ವು. ಸಂಕ್ರಾಂತಿ ಹಿಂದಿನ ದಿನ ಹೊತ್ತಾರೆ ಗೂಡು ತೆಗೆದ್ರೆ ಮೂರು ಸತ್ತು ಬಿದ್ದವೆ. ಹಬ್ಬದ ದಿನ ನಾಕು. ಎಳ್ಳು ಬೀರೋಕೆ ಬಂದ ಮಕ್ಳ ಕೈಗೆ ಎಳ್ಳು ಬೆಲ್ಲ ಕೊಡ್ತಾ ನಾನು ಹಿತ್ಲ ಕಡೆನೇ ನೋಡ್ತಿದ್ದೆ. ಹತ್ತು ದಿನದಲ್ಲಿ ಇಪ್ಪತ್ತು ಕೋಳಿ ಹೋದ್ವು. ಹದಿನಾಕು ಪಿಳ್ಳೆ, ಐದು ಹ್ಯಾಟೆ, ಒಂದು ಹುಂಜ. ಉಳಿದದ್ದು ಬರೀ ಆರು. ಚುಕ್ಕಿ ಹ್ಯಾಟೆ ಒಂದೂ ಉಳೀನಿಲ್ಲ.

ಬಂದೋರೆಲ್ಲ ಒಂದೊಂದು ಹೇಳುದ್ರು. ಒಬ್ರು ಕೊಕ್ಕರೆ ರೋಗ ಅಂದ್ರು. ಒಬ್ರು ದೃಷ್ಟಿ ಅಂದ್ರು. "ನಾದಿನಿಗೆ ಅಂತ ಇಟ್ಟಿದ್ದು ಅತ್ತಿಗೆ ಕಣ್ಣಿಗೆ ತಡೀನಿಲ್ಲ" ಅಂತ ಬೀದೀಲಿ ಯಾರೋ ಆಡಿದ್ದು ನನ್ ಕಿವಿಗೂ ಬಿತ್ತು. ಬೈಕಲ್ಲಿ ಕೋಳಿ ಕೊಳ್ಳೋನು ಬಂದು, ತೂಕಡಿಸ್ತಿರೋವ ಸಾಯೋಕ್ ಮುಂಚೆ ಕೊಟ್ಬುಡಿ, ನೂರು ರೂಪಾಯಂಗೆ ಹಾಕ್ಕತೀನಿ ಅಂದ. ನಾನು ಕೊಟ್ಬುಡಾನ ಅಂತ ಗೂಡಿನ ತಂಕ ಹೋದೆ. ಅತ್ತೆ ಗೂಡಿನ ಬಾಗ್ಲಿಗೆ ಅಡ್ಡ ಕೂತ್ಕಂಡು, "ಯಾರ ಮನೆ ಮಕ್ಳು ತಿಂತವೋ ಕಾಣೆ. ಬ್ಯಾಡ" ಅಂದ್ರು.

ಮಾರ್ನೇ ದಿನ ಸತ್ತಿದ್ದೊಂದನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟ್ರು ಕುಯ್ದು ನೋಡುದ್ರು. ಈಲಿ ಕೆಂಪಗಿರ್ಬೇಕಾದ್ದು ಹಳದಿ ತಿರುಗಿ ಊದ್ಕಂಡಿತ್ತು, ಅಲ್ಲಲ್ಲಿ ರಕ್ತದ ಚುಕ್ಕಿ, ಬೆರಳಲ್ಲಿ ಒತ್ತುದ್ರೆ ಪುಡಿಯಾಗೋ ಹಂಗಿತ್ತು. "ಅಕ್ಕಪಕ್ಕದ ಮನೆ ಕೋಳಿ ಹೆಂಗವೆ?" ಅಂದ್ರು. ಚೆನ್ನಾಗವೆ ಸಾರ್, ಒಂದೇ ತಿಪ್ಪೆ ಮೇಲೆ ಕೆದಕ್ತವೆ ಅಂದೆ. "ಹಂಗಾದ್ರೆ ಕೊಕ್ಕರೆ ರೋಗ ಅಲ್ಲಮ್ಮ. ಅದು ಬಂದಿದ್ರೆ ಬೀದೀಲಿ ಒಂದೂ ಉಳೀತಿರ್ಲಿಲ್ಲ, ಕತ್ತು ತಿರುಚ್ಕೊಳ್ಳೋವು. ಏನ್ ತಿನ್ನುಸ್ತಿದ್ದೀರ ಹೇಳಿ" ಅಂದ್ರು.

ನಾನು ಹೇಳ್ದೆ. ಹೇಳ್ತಾ ಹೇಳ್ತಾ ನನ್ ದನಿ ಸಣ್ಣಗಾಯ್ತು.

ಅವ್ರು ಬೈಲಿಲ್ಲ. ಕೂರ್ಸಿ ವಿವರ್ಸುದ್ರು. ಜೋಳ, ಕಡ್ಲೆಕಾಯಿ ಹಿಂಡಿ ಇಂಥವು ತೇವ ಆರದೆ ಬೆಚ್ಚಗೆ ಕೂತ್ರೆ ಒಂದು ಜಾತಿ ಬೂಸ್ಲು ಬೆಳೀತದಂತೆ. ಆ ಬೂಸ್ಲು ಒಂದು ವಿಷ ಬುಡ್ತದೆ, ಅದಕ್ಕೆ ಅಫ್ಲಾಟಾಕ್ಸಿನ್ ಅಂತಾರಂತೆ. ಅದು ನೇರ ಈಲಿಗೇ ಹೊಡೀತದೆ. ಎಳೇ ಪಿಳ್ಳೆ ಮೊದ್ಲು ಸಾಯ್ತವೆ, ದೊಡ್ಡವು ಮೊಟ್ಟೆ ನಿಲ್ಸಿ ಸೊರಗ್ತವೆ. 1960ರಲ್ಲಿ ಇಂಗ್ಲೆಂಡಲ್ಲಿ ಟರ್ಕಿ ಕೋಳಿ ಮರಿಗಳು ಲಕ್ಷದ ಮೇಲೆ ಸತ್ತು, ಯಾವ ರೋಗ ಅಂತ ಗೊತ್ತಾಗದೆ ಹುಡುಕಿ ಹುಡುಕಿ, ಕೊನೆಗೆ ಬ್ರೆಜಿಲ್ ದೇಶದಿಂದ ತರ್ಸಿದ ಕಡ್ಲೆಕಾಯಿ ಹಿಂಡೀಲಿ ಈ ವಿಷ ಸಿಕ್ತಂತೆ. "ನಿಮ್ಮ ಜೋಳನ ಲ್ಯಾಬಿಗೆ ಕಳ್ಸಿದ್ರೆ ಖಚಿತವಾಗಿ ಗೊತ್ತಾಗ್ತದೆ. ಆದ್ರೆ ಈಲಿ ನೋಡುದ್ರೆ ನಂಗೆ ಅದೇ ಅನ್ನುಸ್ತದೆ" ಅಂದ್ರು.

"ತೊಳ್ದು ಒಣಗ್ಸಿದ್ದೆ ಸಾರ್" ಅಂದೆ.

"ತೊಳುದ್ರೆ ಕಣ್ಣಿಗೆ ಕಾಣೋ ಬೂಸ್ಲು ಹೋಯ್ತದಮ್ಮ. ವಿಷ ಕಾಳೊಳಗೆ ಇಳ್ದಿರ್ತದೆ. ಬೇಯ್ಸುದ್ರೂ ಹೋಗಲ್ಲ. ಮನುಷ್ರೂ ತಿನ್ಬಾರ್ದು." 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಬೂಸ್ಲು ಹಿಡಿದ ಜೋಳ ತಿಂದು ನೂರಕ್ಕೂ ಮೇಲೆ ಜನ ಸತ್ತಿದ್ದ ಹೇಳುದ್ರು. ಬಡವ್ರು, ಮಳೆಗೆ ನೆಂದಿದ್ರೂ ಬೇರೆ ಕಾಳಿಲ್ದೆ ಅದನ್ನೇ ತಿಂದೋರು. ನಂಗೆ ಮೈ ಜುಮ್ಮಂತು. ನನ್ನ ಮಗ್ಳಿಗೆ ದಿನಾ ಒಂದು ಮೊಟ್ಟೆ ಬೇಯ್ಸಿ ಕೊಡ್ತಿದ್ದೆನಲ್ಲ! ಕೇಳ್ದೆ. ಕೋಳಿ ತಿಂದ ವಿಷದಲ್ಲಿ ವಸಿ ಮೊಟ್ಟೆಗೂ ಈಲಿಗೂ ಬರ್ತದೆ, ಸದ್ಯ ಈ ಕೋಳಿ ಮೊಟ್ಟೆ ಯಾರೂ ತಿನ್ಬೇಡಿ, ಸತ್ತವ್ನ ಸುಣ್ಣ ಹಾಕಿ ಆಳಕ್ಕೆ ಹೂತಾಕಿ ಅಂದ್ರು. ಈ ವಿಷಕ್ಕೆ ಎದುರು ಔಷ್ದಿ ಇಲ್ಲ, ಆ ಕಾಳು ನಿಲ್ಸೋದೇ ಔಷ್ದಿ. ಉಳಿದ ಆರಕ್ಕೆ ನೀರಲ್ಲಿ ಹಾಕೋಕೆ ಒಂದು ಈಲಿ ಟಾನಿಕ್ಕು, ವಿಟಮಿನ್ನು ಬರ್ಕೊಟ್ರು.

ಬಸ್ಸಲ್ಲಿ ಬರ್ತಾ ಒಂದೇ ಯೋಚ್ನೆ. ಮನೇಲಿ ಏನಂತ ಹೇಳ್ಲಿ? ಕೊಕ್ಕರೆ ರೋಗ ಅಂದ್ಬುಟ್ರೆ ಆಯ್ತು, ಯಾರಿಗೂ ಗೊತ್ತಾಗಲ್ಲ. ದೃಷ್ಟಿ ಅಂದೋರ ಬಾಯೂ ಮುಚ್ತದೆ. ಊರು ಬರೋ ತಂಕ ಹಂಗೇ ಹೇಳೋದು ಅಂತ್ಲೇ ಇದ್ದೆ. ಆದ್ರೆ ಕೊಟ್ಗೇಲಿ ಇನ್ನೂ ನಾಕು ಚೀಲ ಇತ್ತಲ್ಲ. ಸುಳ್ಳು ಹೇಳುದ್ರೆ ಆ ಚೀಲ ಅಲ್ಲೇ ಇರ್ತದೆ. ನಾಳೆ ಯಾರೋ ಉಳಿದ ಕೋಳಿಗೆ ಹಾಕ್ತಾರೆ, ಇಲ್ಲಾಂದ್ರೆ ಹಸಕ್ಕೆ ಬೇಯ್ಸಿ ಹಾಕ್ತಾರೆ. ಹಸದ ಹಾಲು ಮಗು ಕುಡೀತದೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳ್ಬುಟ್ಟೆ. "ಅತ್ತೆಮ್ಮ, ನಾನು ಹಾಕಿದ ಜೋಳದಿಂದ್ಲೇ ಸತ್ವು." ಅತ್ತೆ ಮುದ್ದೆ ಮುರೀತಿದ್ದ ಕೈ ನಿಲ್ಸಿದ್ರು. ನಾನು ಬೈಸ್ಕೊಳ್ಳೋಕೆ ರೆಡಿಯಾಗಿದ್ದೆ. ಅವ್ರು, "ನಂಗೂ ವಾಸ್ನೆ ಬಂದಿತ್ತಲ್ಲವ್ವ. ನಾನೂ ಸುಮ್ನಾದೆ" ಅಂದ್ಬುಟ್ಟು ಮತ್ತೆ ಉಣ್ಣೋಕೆ ಶುರು ಮಾಡುದ್ರು. ಅಷ್ಟೇ. ಬೈದಿದ್ರೆ ನಂಗೆ ಹಗುರಾಗ್ತಿತ್ತೇನೋ.

ನಮ್ಮನೆಯೋರು ಉಳಿದ ನಾಕು ಚೀಲನ ಅರ್ಧ ರೇಟಿಗಾದ್ರೂ ಕೊಟ್ಬುಡಾನ ಅಂದ್ರು. ಎರಡು ಕ್ವಿಂಟಾಲ್ ಹತ್ರ ಇತ್ತು, ಆ ವರ್ಸ ಅದು ಸಣ್ಣ ದುಡ್ಡಲ್ಲ. ಕೊಳ್ಳೋನೂ ಇದ್ದ, ಬೇರೆ ಒಳ್ಳೆ ಜೋಳದ ಜೊತೆ ಬೆರ್ಸಿದ್ರೆ ಗೊತ್ತಾಗಲ್ಲ ಅಂತ್ಲೂ ಹೇಳಿದ್ದ. ಅವತ್ತು ನಾವಿಬ್ರೂ ಜೋರಾಗೇ ಜಗಳ ಆಡುದ್ವಿ. ಕೊನೆಗೆ ನಾನೂ ಅತ್ತೆನೂ ಸೇರಿ ಚೀಲಗಳ್ನ ಎಳ್ಕಂಡೋಗಿ ಹೊಲದ ಅಂಚಲ್ಲಿ ಸುರ್ದು, ಒಣ ಸೆದೆ ಒಟ್ಟಿ ಬೆಂಕಿ ಇಟ್ವಿ. ತಿಪ್ಪೆಗೆ ಹಾಕೋ ಹಂಗಿಲ್ಲ, ಊರ ಕೋಳಿ ಎಲ್ಲಾ ಕೆದಕೋದು ಅಲ್ಲೇ. ಎಳೇ ಜೋಳ ಸುಟ್ಟ ವಾಸ್ನೆ ಅಂದ್ರೆ ಮಕ್ಳು ಓಡಿ ಬರ್ತವೆ. ಇದ್ರ ವಾಸ್ನೆಗೆ ನಾವೇ ಸೆರಗು ಮೂಗಿಗೆ ಹಿಡ್ಕಂಡು ನಿಂತಿದ್ವಿ.

ಫೆಬ್ರವರೀಲಿ ನಾದಿನಿ ಬಂದ್ಲು. ಬಂದೋಳೇ ಹಿತ್ಲಿಗೆ ಹೋಗಿ, ಖಾಲಿ ಗೂಡು ನೋಡಿ, ಸುಮ್ನೆ ಒಳಗೆ ಬಂದ್ಲು. ಏನೂ ಕೇಳ್ನಿಲ್ಲ. ನಂಗೆ ಅವ್ಳ ಮುಖ ನೋಡೋಕೆ ಆಗ್ನಿಲ್ಲ.

ಅವ್ಳ ಹೆರಿಗೆ ಹೊತ್ತಿಗೆ ಹಿತ್ಲು ತುಂಬುಸ್ಬೇಕು ಅಂತ ನಾನು ಹಠ ಹಿಡ್ದೆ. ಮೊದ್ಲು ಒಂದು ತಿಂಗ್ಳು ತುಂಬಿದ ಇಪ್ಪತ್ತು ಗಿರಿರಾಜ ಮರಿ ತಂದೆ. ಹೆಬ್ಬಾಳದಲ್ಲಿ ನಮ್ಮ ಹಿತ್ಲಿಗೇ ಅಂತ ಮಾಡಿದ ತಳಿ ಅದು, ಬಣ್ಣನೂ ನಾಟಿ ಥರ. ಚೆನ್ನಾಗೇ ಬೆಳುದ್ವು, ತೂಕನೂ ಬಂತು. ಆದ್ರೆ ಮೈ ಭಾರ, ಹದ್ದು ಇಳುದ್ರೆ ನಮ್ಮ ನಾಟಿ ಥರ ಪೊದೆಗೆ ನುಗ್ಗಲ್ಲ, ನಾಯಿ ಬಂದ್ರೆ ಗೋಡೆ ಹಾರಲ್ಲ. ಏಳು ಹಂಗೇ ಹೋದ್ವು. ಗಿರಿರಾಜ ಕಾವಿಗೂ ಕೂರಲ್ಲ. "ಮೊಟ್ಟೆ ಇಕ್ತದೆ, ತಾಯಾಗಲ್ಲ. ಸತ್ರೆ ಮತ್ತೆ ದುಡ್ಡು ಕೊಟ್ಟೇ ತರ್ಬೇಕು" ಅಂದ್ರು ಅತ್ತೆ. ಮೊಟ್ಟೆಗೆ, ಮಾಂಸಕ್ಕೆ ಅದು ಒಳ್ಳೇದೇ, ಇಲ್ಲ ಅನ್ನಲ್ಲ. ನಮಗೆ ಬೇಕಾಗಿದ್ದು ತಾನಾಗೇ ಬೆಳೆಯೋ ಕುಲ.

ಉಳಿದ ಮೂರು ನಾಟಿ ಹ್ಯಾಟೇಲಿ ಒಂದು ಮಾರ್ಚಲ್ಲಿ ಕಾವಿಗೆ ಬಂತು. ಮಂಕ್ರೀಲಿ ನೆಲ್ಲುಲ್ಲು ಹಾಕಿ ಹನ್ನೊಂದು ಮೊಟ್ಟೆ ಇಟ್ವಿ. ಗುಡುಗಿಗೆ ಮೊಟ್ಟೆ ಕೆಡಬಾರ್ದು ಅಂತ ಅತ್ತೆ ಒಂದು ಇದ್ಲು, ಒಂದು ಕಬ್ಬಿಣದ ಚೂರು ಜೊತೆಗಿಟ್ರು. ಏಳ್ನೇ ದಿನ ರಾತ್ರಿ ನಾನು ಟಾರ್ಚ್ ಬೆಳಕಿಗೆ ಒಂದೊಂದೇ ಮೊಟ್ಟೆ ಹಿಡ್ದು ನೋಡ್ದೆ. ಜೀವ ಇರೋದ್ರಲ್ಲಿ ಜೇಡನ ಬಲೆ ಥರ ಕೆಂಪು ನರ ಕಾಣ್ತವೆ. ನಾಕ್ರಲ್ಲಿ ಕಂಡ್ವು. ಮಿಕ್ಕಿದ್ದೆಲ್ಲ ಖಾಲಿ ಬೆಳಕು. ಇಪ್ಪತ್ತೊಂದು ದಿನ ಕಳುದ್ರೆ ಎರಡೇ ಮರಿ ಆದ್ವು. ತಿಂದ ವಿಷ ಹುಂಜನ್ನೂ ಹ್ಯಾಟೆನೂ ಇನ್ನೂ ಬುಟ್ಟಿರ್ಲಿಲ್ಲ ಅಂತ ಕಾಣ್ತದೆ. ಆ ಯುಗಾದಿ ವರ್ಸದೊಡ್ಕಿಗೆ ಪೇಟೆ ಕೋಳಿ ತಂದು ಸಾರು ಮಾಡುದ್ವಿ. ಅತ್ತೆ ಬರೀ ಮುದ್ದೆ, ಸಾರು ಉಂಡ್ರು, ತುಂಡು ಮುಟ್ನಿಲ್ಲ.

ಏಪ್ರಿಲ್ ಕೊನೆಗೆ ನಾದಿನಿಗೆ ಹೆಣ್ಣು ಮಗು ಆಯ್ತು. ಸಂತೇಲಿ ನಾಟಿ ಕೋಳಿ ಕೊಂಡು ಸಾರು ಮಾಡಿ ಕೊಡ್ತಿದ್ದೆ. ತವರಲ್ಲಿ ಬಾಣಂತಿಗೆ ಸಂತೆ ಕೋಳಿ! ಅತ್ತೆಗೆ ಅದೊಂದು ಕೊರಗು. ಹನ್ನೊಂದನೇ ದಿನ ನಾದಿನಿ ಅತ್ತೆ ಮಗು ನೋಡೋಕೆ ಬಂದ್ರು. ಆಟೋದಿಂದ ಬಟ್ಟೆ ಬರೆ, ಒಣಕೊಬ್ರಿ ಜೊತೆ ಒಂದು ದೊಡ್ಡ ಮಂಕ್ರಿ ಇಳೀತು. ಮೇಲೆ ಸೀರೆ ತುಂಡು ಕಟ್ಟಿದ್ರು. ಬಿಚ್ಚುದ್ರೆ ಐದು ಕೋಳಿ. ಎರಡು ಹುಂಜ, ಮೂರು ಹ್ಯಾಟೆ. ಅದ್ರಲ್ಲಿ ಎರಡು ಹ್ಯಾಟೆ ಮೈಮೇಲೆ, ಕಪ್ಪಿನ ಮೇಲೆ ಅಕ್ಕಿ ಎರಚಿದ ಹಂಗೆ ಚುಕ್ಕಿ.

ನಾದಿನಿ ಮದ್ವೇಲಿ ಹೋಗಿದ್ದ ಹ್ಯಾಟೆದು. ಅದ್ರ ಮೊಮ್ಮಕ್ಳೋ ಮರಿ ಮಕ್ಳೋ. ನಾದಿನಿನೇ ಫೋನ್ ಮಾಡಿ ತರೋಕೆ ಹೇಳಿದ್ಲಂತೆ. ನಂಗೆ ಒಂದು ಮಾತೂ ಹೇಳಿರ್ಲಿಲ್ಲ. ಬೀಗತ್ತಿಗೆ ಇದು ಸಾರಿಗೆ ಅಂತ್ಲೇ ಇತ್ತು, ಬಾಣಂತಿಗೆ ಅಂತ ತಂದಿದ್ರು. ನಾನು ಕಾಲು ಕಟ್ಟಿದ್ದ ಹಗ್ಗ ಬಿಚ್ತಿದ್ದಾಗ ನಾದಿನಿ ರೂಮಿಂದ್ಲೇ ಕೂಗುದ್ಲು: "ಅತ್ಗೆ, ಚುಕ್ಕಿ ಎರಡೂ ಮುಟ್ಬೇಡಿ. ಅವು ಹಿತ್ಲಿಗೆ."

ಅತ್ತೆ ಒಂದು ಚುಕ್ಕಿ ಹ್ಯಾಟೆನ ಮಡ್ಲಲ್ಲಿ ಕೂರುಸ್ಕಂಡು ಜುಟ್ಟು, ರೆಕ್ಕೆ, ಕಾಲು ಎಲ್ಲಾ ಸವರಿ ನೋಡುದ್ರು. ಆಮೇಲೆ ಎದ್ದು ಸೀದಾ ಅಟ್ಟದ ಡಬ್ಬಿ ಇಳ್ಸಿ, ದುಡ್ಡು ತೆಗ್ದು ನನ್ ಕೈಗಿಟ್ಟು, "ಹೋಗವ್ವ, ಒಳ್ಳೆ ಕಾಳು ತಕ್ಕಂಬಾ" ಅಂದ್ರು. ಆ ಡಬ್ಬಿ ದುಡ್ಡು ಅವ್ರು ನನ್ ಕೈಗೆ ಕೊಟ್ಟು, ತರೋ ಕೆಲ್ಸ ನಂಗೇ ಬುಟ್ಟಿದ್ದು. ಅಂಗ್ಡಿ ದಾರೀಲಿ ನಾನು ಅತ್ಕಂಡೇ ಹೋದೆ.

ಒಂದು ಹುಂಜ, ಎರಡು ಚುಕ್ಕಿ ಹ್ಯಾಟೆ ಉಳ್ಸಿದ್ವಿ. ಹೊಸವು ಅಂತ ಮೂರು ವಾರ ಬೇರೆ ಗೂಡಲ್ಲಿ ಇಟ್ವಿ, ಹಳೇವಕ್ಕೆ ಸೇರ್ಸಲಿಲ್ಲ. ಹಳೆ ಗೂಡಿನ ಕಸ ಎಲ್ಲಾ ಕೆರ್ದು ಸುಟ್ಟು, ಸುಣ್ಣ ಬಳ್ದು, ಬೂದಿ ಹರಡುದ್ವಿ. ಜುಲೈಲಿ ಒಂದು ಚುಕ್ಕಿ ಕಾವಿಗೆ ಕೂತ್ತು. ಹನ್ನೊಂದಿಟ್ರೆ ಒಂಬತ್ತು ಆದ್ವು. ಅದ್ರಲ್ಲಿ ನಾಕು ಚುಕ್ಕಿ. ಈ ಸಲ ಏಳ್ನೇ ದಿನಕ್ಕೆ ಕೊಕ್ಕರೆ ರೋಗದ ಲಸೋಟ ಹನಿ ಕಣ್ಣಿಗೆ ಹಾಕ್ಸಿದೆ, ಎರಡು ತಿಂಗ್ಳಿಗೆ ಸೂಜಿ. ಲಸೋಟ ಒಂದು ಸೀಸೆ 100 ಕೋಳಿಗೆ ಬರ್ತದೆ, ಕಲ್ಸಿದ್ ಮೇಲೆ ಐಸಲ್ಲಿಟ್ಟು ಒಂದೆರಡು ಗಂಟೇಲಿ ಹಾಕಿ ಮುಗಿಸ್ಬೇಕು. ಒಂದು ಮನೆಗೆ ಅಂತ ತಂದ್ರೆ ದಂಡ. ಅದ್ಕೆ ಬೀದಿ ಹೆಂಗಸ್ರೆಲ್ಲ ಸೇರ್ಕಂಡು ತರ್ತೀವಿ. "ಅತ್ತಿಗೆ ಕಣ್ಣು" ಅಂದೋರೂ ಬುಟ್ಟೀಲಿ ಮರಿ ತುಂಬ್ಕಂಡು ನಮ್ಮ ಜಗ್ಲಿಗೇ ಬರ್ತಾರೆ.

ಕಾಳಿನ ವಿಷ್ಯದಲ್ಲಿ ಈಗ ನಾನು ಜಿಪುಣಿ ಅಲ್ಲ, ಅನುಮಾನದೋಳು. ಜೋಳ ತಂದ್ರೆ ಒಂದು ಕಾಳು ಹಲ್ಲಿಗೆ ಹಾಕಿ ಕಡೀತೀನಿ. ಕಟಕ್ ಅಂದ್ರೆ ಸರಿ, ಮೆತ್ತಗೆ ಒಪ್ಪುದ್ರೆ ಬಿಸ್ಲಿಗೆ. ಬೂಸ್ಲಿನ ವಾಸ್ನೆ ಇದ್ರೆ ಬಾಯಿಗೂ ಹಾಕಲ್ಲ, ವಾಪಸ್ಸು. ಗೋಣಿ ಚೀಲದಲ್ಲಿ ಹಾಕಿ, ಕೆಳಗೆ ಹಲಗೆ ಕೊಟ್ಟು, ಗೋಡೆಗೆ ತಾಗದ ಹಂಗೆ ಇಡ್ತೀನಿ. ನುಚ್ಚು ಹದಿನೈದು ದಿನಕ್ಕೆ ಆಗೋವಷ್ಟೇ ಮಾಡುಸ್ತೀನಿ, ಒಡೆದ ಕಾಳಿಗೆ ಬೂಸ್ಲು ಬೇಗ ಹತ್ತುತ್ತೆ. ಮಳೆಗಾಲದಲ್ಲಿ ಹಿಂಡಿ ತರೋದೇ ಬುಟ್ಟಿದೀನಿ. ಎರಚಿ ಮಿಕ್ಕಿದ ಹಸಿ ಹಿಟ್ಟು ಬೈಗಿಗೇ ಗುಡ್ಸಿ ತೆಗೀತೀನಿ.

ಮೊನ್ನೆ ನಮ್ಮನೆಯೋರು ರೇಷನ್ ಅಕ್ಕಿ ಚೀಲ ಬಿಚ್ಚುದ್ರು. ಹುಳ ಹರೀತಿದ್ವು. "ಕೋಳಿಗಾದ್ರೂ..." ಅಂತ ಬಾಯಿ ತೆಗೆದೋರು ನನ್ ಮುಖ ನೋಡಿ ಅಲ್ಲಿಗೇ ನಿಲ್ಸುದ್ರು. ಅತ್ತೆ ಒಂದು ಹಿಡಿ ತಕ್ಕಂಡು ಮೂಸುದ್ರು, ನನ್ ಮೂಗಿಗೂ ಹಿಡುದ್ರು. ಮುಗ್ಗಲಿಲ್ಲ, ಒಣಗಿದ ಅಕ್ಕಿನೇ.

"ಹುಳ ಇದ್ರೆ ಹಾಕವ್ವ, ಕೋಳಿಗೆ ಅದೇ ಹಬ್ಬ. ಬೂಸ್ಲಿದ್ರೆ ಬ್ಯಾಡ" ಅಂದ್ಬುಟ್ಟು, ಅಕ್ಕಿ ಮೊರಕ್ಕೆ ಸುರ್ಕಂಡು ಹಿತ್ಲಿಗೆ ಹೋದ್ರು. ಬಾ ಬಾ ಬಾ ಅಂತ ಕರೆದ ದನಿಗೆ ಬೇಲಿ ಸಂದಿಯಿಂದ, ತಿಪ್ಪೆ ಮೇಲಿಂದ ಎಲ್ಲಾ ಓಡಿ ಬಂದ್ವು. ಮಗಳು ಬಾಗ್ಲಲ್ಲಿ ನಿಂತು ಎಣಿಸುದ್ಲು. ಮೂವತ್ತೊಂದು ಅವೆ. ಚುಕ್ಕಿ ಹನ್ನೆರಡು.